ಬಾಯಿಮಾತಿನ ಆದೇಶವನ್ನು ಬರಹದಲ್ಲಿ ಕೇಳಿ

ಜುಲೈ ತಿಂಗಳಲ್ಲಿ ತೆಕ್ಕಟ್ಟೆ, ಕೋಟ, ಬೈಂದೂರು ಕಡೆಯ ಮುಖ್ಯೋಪಾಧ್ಯಾಯರ ಫೋನಿಗೆ ಬೆಳಕು ಹರಿಯುವ ಮೊದಲೇ ಕರೆ ಶುರು: ‘ಇವತ್ತ್ ಶಾಲೆ ಇತ್ತಾ ಮಾಷ್ಟ್ರೇ?’ ಮಳೆಗೆ ರಜೆ ಕೊಡುವವರು ಜಿಲ್ಲಾಧಿಕಾರಿ, ಉತ್ತರ ಹೇಳಬೇಕಾದವರು ಮಾಷ್ಟ್ರು. ಆಮೇಲೆ ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ ನಮೂದು, ವಾಟ್ಸ್‌ಆ್ಯಪ್‌ನಲ್ಲಿ ‘ಸಂಜೆಯೊಳಗೆ ಕಳಿಸಿ’ ಎಂಬ ನಮೂನೆ. ಒತ್ತಡಕ್ಕೆ ಪ್ರಾಣಾಯಾಮ ಮಾಡಿ ಎನ್ನುತ್ತಾರೆ. ಮಾಡಿ, ಬೇಡವೆಂದವರಾರು? ಆದರೆ ಹೊರೆಯ ಒಂದಿಷ್ಟು ಭಾಗಕ್ಕೆ ಕಾನೂನೇ ಮಿತಿ ಹಾಕಿದೆ ಎಂಬುದೂ ಗೊತ್ತಿರಲಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಪ್ರಕಾರ ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ಹಚ್ಚಬಹುದಾದದ್ದು ಮೂರಕ್ಕೆ ಮಾತ್ರ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರನ್ನು ಮನೆಮನೆಗೆ ಕಳಿಸಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರಲ್ಲ, ಅದು ಈ ಮೂರರಲ್ಲಿ ಯಾವುದು ಎಂದು ಕೇಳಿದರೆ ಅಧಿಕಪ್ರಸಂಗವಾಗದು. ಅದೇ ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಕೆಲಸ ಎಂದಿದೆ, ಪಾಠದ ತಯಾರಿಯೂ ಅದರೊಳಗೇ.

ಮತದಾರರ ಪಟ್ಟಿಯ ಕೆಲಸದ ಬಗ್ಗೆ 2007ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸೇಂಟ್ ಮೇರೀಸ್ ಶಾಲೆ ಪ್ರಕರಣದಲ್ಲಿ ಹೇಳಿದ್ದು: ರಜಾದಿನ, ಪಾಠವಿಲ್ಲದ ದಿನಗಳಲ್ಲಿ ಮಾಡಿಸಿ. ಈ ಕೆಲಸಕ್ಕೆ ನೇಮಕವಾದ ಮತಗಟ್ಟೆ ಮಟ್ಟದ ಅಧಿಕಾರಿಗಳ (ಬಿಎಲ್‌ಒ) ಸಾವಿನ ಸುದ್ದಿಗಳ ನಡುವೆ 2025ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ, ಹೆಚ್ಚುವರಿ ಸಿಬ್ಬಂದಿ ಕೊಡಿ, ನಿರ್ದಿಷ್ಟ ಕಾರಣವಿದ್ದವರ ವಿನಾಯಿತಿ ಕೋರಿಕೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಿ ಎಂದು ರಾಜ್ಯಗಳಿಗೆ ಸೂಚಿಸಿತು. ಕಾಯಿಲೆಯೋ ಬಾಣಂತನವೋ ಇದ್ದರೆ ದಾಖಲೆ ಲಗತ್ತಿಸಿ ಕೇಳಿ. ಉತ್ತರ ಬರುವ ಮೊದಲೇ ಕೆಲಸ ಬಿಟ್ಟು ಕೂರಬೇಡಿ. ಚುನಾವಣಾ ಕರ್ತವ್ಯಲೋಪ ಶಿಕ್ಷಾರ್ಹ ಅಪರಾಧ.

ಕೇಳುವ ಕ್ರಮ ಸರಳ. ಫೋನಿನಲ್ಲಿ ಬಂದ ಆದೇಶವನ್ನು ಲಿಖಿತವಾಗಿ ಕೊಡುವಂತೆ ವಿನಂತಿಸಿ. ಮನವಿಯಲ್ಲಿ ಗೋಳು ಬೇಡ. ದಿನಾಂಕ, ಹೋದ ಪಾಠದ ಅವಧಿ, ಕಲಂ ಸಂಖ್ಯೆ ಇರಲಿ. ಮುಖ್ಯೋಪಾಧ್ಯಾಯರ ಮೂಲಕ ಬಿಇಒ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ‘ಸ್ವೀಕರಿಸಲಾಗಿದೆ’ ಮೊಹರು ಹಾಕಿಸಿಕೊಳ್ಳಿ. ಎಷ್ಟೋ ಮಂದಿ ಈ ಮೊಹರೊಂದನ್ನೇ ಮರೆಯುತ್ತಾರೆ. ಆಮೇಲೆ ಮನವಿ ಕೊಟ್ಟದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ. ಮುಖ್ಯೋಪಾಧ್ಯಾಯರೂ ತಮ್ಮ ಹೊರೆಯ ಬಗ್ಗೆ ಹೀಗೆಯೇ ಬರೆಯಬಹುದು.

ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಯವರ ದಿಗಿಲು ಬೇರೆ: ‘ನಾಳೆಯಿಂದ ಬರಬೇಡಿ’. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಂ ಪ್ರಕಾರ ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ. ಮಾಡಿದರೆ 94ನೇ ಕಲಮಿನಡಿ ಆದೇಶ ತಲುಪಿದ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಬೆದರಿಸಿದರೆಂದು ರಾಜೀನಾಮೆಗೆ ಮಾತ್ರ ಸಹಿ ಹಾಕಬೇಡಿ. ಐದು ವರ್ಷ ಸೇವೆಯಾಗಿದ್ದರೆ ಗ್ರಾಚ್ಯುಟಿಯೂ ಸಲ್ಲಬೇಕು. ಇದನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ನಿದ್ದೆ ಕೆಟ್ಟು, ತರಗತಿಗೆ ಹೋಗಲು ಎದೆ ನಡುಗುವಂತಾದರೆ ಅರ್ಜಿ ಸಾಲದು, ವೈದ್ಯರು ಬೇಕು. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಆಪ್ತಸಲಹೆಗಾರರು ಹಗಲು ರಾತ್ರಿ ಉಚಿತವಾಗಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆಡಳಿತ ಮಂಡಳಿಗೆ ತಿಳಿದೀತೆಂಬ ಅಂಜಿಕೆ ಬೇಡ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹಕ್ಕನ್ನು ನಿಮಗೆ ಕೊಟ್ಟಿದೆ. ಆರೋಗ್ಯ ವಿಮೆ ಇದ್ದರೆ, ದೇಹದ ಕಾಯಿಲೆಗಿರುವಂತೆಯೇ ಮಾನಸಿಕ ಕಾಯಿಲೆಗೂ ಅದು ಅನ್ವಯಿಸಬೇಕು ಎಂದು 21ನೇ ಕಲಂ ಹೇಳುತ್ತದೆ.