ರಿಂಗೆಲ್‌ಬ್ಲಂ ದಾಖಲೆ ಸಂಗ್ರಹ (ವಾರ್ಸಾ, ಪೋಲೆಂಡ್)
ನಾಜಿ ಅಪರಾಧಗಳ ಅಧ್ಯಯನ ಎರಡನೇ ಮಹಾಯುದ್ಧ ಮುಗಿದ ಮೇಲೆ ಶುರುವಾಯಿತೆಂದು ಭಾವಿಸಬೇಡಿ. ಇತಿಹಾಸಕಾರ ಇಮ್ಯಾನುಯೆಲ್ ರಿಂಗೆಲ್‌ಬ್ಲಂ 1940ರ ನವೆಂಬರ್‌ನಲ್ಲೇ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೊದೊಳಗೆ 'ಒನೆಗ್ ಶಬ್ಬತ್' ಎಂಬ ಗುಪ್ತ ತಂಡ ಕಟ್ಟಿದರು. ದಿನಚರಿ, ಪಡಿತರ ಚೀಟಿ, ಮಕ್ಕಳ ಶಾಲಾ ಪ್ರಬಂಧ, ಕೊಲೆಶಿಬಿರದಿಂದ ತಪ್ಪಿಸಿಕೊಂಡು ಬಂದವರ ಹೇಳಿಕೆ, ಎಲ್ಲವನ್ನೂ ಕೂಡಿಟ್ಟರು. ಹಸಿವು, ಸಾವಿನ ನಡುವೆಯೂ ಸಾಕ್ಷ್ಯವನ್ನು ಇಷ್ಟು ಶ್ರದ್ಧೆಯಿಂದ ಜೋಡಿಸಿದ ಉದಾಹರಣೆ ಇತಿಹಾಸದಲ್ಲಿ ಅಪರೂಪ.

ಈ ದಾಖಲೆಗಳನ್ನು 1942ರ ಆಗಸ್ಟ್‌ನಲ್ಲಿ ತಗಡಿನ ಪೆಟ್ಟಿಗೆಗಳಲ್ಲಿ, 1943ರಲ್ಲಿ ಹಾಲಿನ ಕ್ಯಾನ್‌ಗಳಲ್ಲಿ ಹೂತಿಟ್ಟರು. 1946 ಮತ್ತು 1950ರಲ್ಲಿ ಎರಡು ಭಾಗ ದೊರೆತವು. ಸುಮಾರು 35,000 ಪುಟ. ಹೂತಿಟ್ಟ ಮೂರನೆಯ ಭಾಗ ಸಿಕ್ಕಿಲ್ಲ. ರಿಂಗೆಲ್‌ಬ್ಲಂ ಅವರನ್ನು ನಾಜಿಗಳು 1944ರಲ್ಲಿ ಕೊಂದರು.

ಈ ಸಂಗ್ರಹ ಯುನೆಸ್ಕೊದ 'ವಿಶ್ವ ಸ್ಮೃತಿ' ಪಟ್ಟಿಗೆ ಸೇರಿದ್ದು: 1999.