ಗಿರಕಿ ಬೇಡ, ಬಾಣ ಸಾಕು

ಹತ್ತನೇ ತರಗತಿಯ ವಿಜ್ಞಾನ ಶಿಕ್ಷಕಿಯೊಬ್ಬರ ಅಳಲು: ಪವರ್‌ಪಾಯಿಂಟ್‌ನಲ್ಲಿ ಅನಿಮೇಷನ್ ಹಾಕಿದರೆ ಮಕ್ಕಳಿಗೆ ಅದೇ ತಮಾಷೆ, ಪಾಠ ತಲೆಗೆ ಹೋಗುವುದಿಲ್ಲ. ಪೂರ್ತಿ ತೆಗೆದುಬಿಡಲೇ?

ತೆಗೆಯಬೇಕಾದ್ದು ಬೌನ್ಸ್, ಸ್ಪಿನ್‌ಗಳನ್ನು ಮಾತ್ರ. ಶೀರ್ಷಿಕೆ ಗಿರಕಿ ಹೊಡೆದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಅದು ಮಕ್ಕಳ ತಪ್ಪಲ್ಲ.

ಹೃದಯದ ಪಾಠವನ್ನೇ ತೆಗೆದುಕೊಳ್ಳೋಣ. ಚಿತ್ರ ಮೊದಲೇ ಪರದೆಯ ಮೇಲಿರಲಿ. ಬಲ ಹೃತ್ಕರ್ಣದಿಂದ ಬಲ ಹೃತ್ಕುಕ್ಷಿಗೆ, ಅಲ್ಲಿಂದ ಶ್ವಾಸಕೋಶಕ್ಕೆ ಸಾಗುವ ಬಾಣಗಳಿಗೆ ‘ವೈಪ್’ ಕೊಟ್ಟು, ‘ಎಫೆಕ್ಟ್ ಆಪ್ಷನ್ಸ್’ನಲ್ಲಿ ರಕ್ತ ಹರಿಯುವ ದಿಕ್ಕನ್ನೇ ಆರಿಸಬೇಕು. ಬಾಣಕ್ಕೆ ‘ಆನ್ ಕ್ಲಿಕ್’, ಅದರ ಪಕ್ಕದ ಹೆಸರಿಗೆ ‘ವಿತ್ ಪ್ರೀವಿಯಸ್’. ಅವಧಿ ಅರ್ಧ ಸೆಕೆಂಡ್ ಸಾಕು. ಒಂದು ಕ್ಲಿಕ್ಕಿಗೆ ಒಂದೇ ಹೆಜ್ಜೆಯಾದರೆ ನಡುವೆ ನಿಲ್ಲಿಸಿ, ‘ಮುಂದೆಲ್ಲಿಗೆ?’ ಎಂದು ಕೇಳಲೂ ಬಿಡುವು ಸಿಗುತ್ತದೆ.

ಚಲನೆಯೇ ಪಾಠ ಹೇಳುವುದು ಹೇಗೆಂದು ತಿಳಿಯಲು ಸ್ವೀಡನ್‌ನ ವೈದ್ಯ ಹಾನ್ಸ್ ರೋಸ್ಲಿಂಗ್ ಅವರ 2006ರ ಟೆಡ್ ಭಾಷಣವನ್ನು ಶಿಕ್ಷಕಿ ಒಮ್ಮೆ ನೋಡಬಹುದು. ಅದರಲ್ಲಿನ ಗ್ರಾಫ್‌ನಲ್ಲಿ ಒಂದೊಂದು ದೇಶವೂ ಒಂದೊಂದು ಗುಳ್ಳೆ. ವರ್ಷಗಳು ಉರುಳಿದಂತೆ ಕುಟುಂಬ ಚಿಕ್ಕದಾಗಿ, ಆಯಸ್ಸು ಹೆಚ್ಚುವುದನ್ನು ಅವುಗಳ ಚಲನೆಯೇ ಹೇಳುತ್ತದೆ.

ಇನ್ನೊಂದು ಮಾತು. ಪಿಡಿಎಫ್ ಮಾಡಿದರೆ ಅನಿಮೇಷನ್ ಉಳಿಯುವುದಿಲ್ಲ, ಬಾಣಗಳೆಲ್ಲ ಒಟ್ಟಿಗೇ ಕಾಣುತ್ತವೆ. ಮಕ್ಕಳಿಗೆ ಹಂಚುವ ಪ್ರತಿಯಲ್ಲಿ ಅವಕ್ಕೆ 1, 2, 3 ಎಂದು ಅಂಕಿ ಹಾಕಿಕೊಡಿ.