ತೋಳಿನ ಹಚ್ಚೆ ಮತ್ತು ಸಮ್ಯಕ್ ಸಂಕಲ್ಪ



*ಇಂದಿನ ಧಮ್ಮ ಚಿಂತನೆ*



ಅಷ್ಟಾಂಗ ಮಾರ್ಗದ ಎರಡನೆಯ ಅಂಗ ಸಮ್ಯಕ್ ಸಂಕಲ್ಪ. ಮಾಡುವ ಕೆಲಸ ಸರಿಯಾಗಿದ್ದರೆ ಸಾಲದು, ಅದನ್ನು ಯಾವ ಉದ್ದೇಶ ಇಟ್ಟುಕೊಂಡು ಮಾಡುತ್ತಿದ್ದೇವೆ ಎಂಬುದನ್ನೂ ನೋಡಿಕೊಳ್ಳಬೇಕು ಎಂಬುದು ಅದರ ಸಾರ. ಗಂಗಾವತಿಯ ನಮ್ಮ ಅಧ್ಯಯನ ಕೂಟದಲ್ಲಿ ಇದರ ಮೇಲೆ ನಾನೇ ಎರಡು ಸಲ ಮಾತಾಡಿದ್ದೇನೆ. ಆದರೆ ಅದು ನನಗೆ ನಿಜವಾಗಿ ತಿಳಿದದ್ದು ಹುಬ್ಬಳ್ಳಿಯ ಒಂದು ಚರ್ಮದ ದವಾಖಾನೆಯಲ್ಲಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಲೇಸರ್ ಯಂತ್ರದ ಮುಂದೆ ಬಲಗೈ ಚಾಚಿ ಮಲಗಿದ್ದಾಗ. ಇಂದು ಅದನ್ನು ನಿಮ್ಮ ಮುಂದೆ ಇಡುತ್ತೇನೆ.

*ಹಚ್ಚೆ ಬಂದದ್ದು*

ನಮ್ಮೂರು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ನಾನು ಐದು ವರ್ಷದವನಿದ್ದಾಗ ಜ್ವರ ಬಂದು ವಾರಗಟ್ಟಲೆ ಇಳಿಯಲಿಲ್ಲವಂತೆ. ದವಾಖಾನೆಗೆ ತೋರಿಸಲು ಕೈಯಲ್ಲಿ ದುಡ್ಡಿಲ್ಲ. ಅವ್ವ ಕೇರಿಯ ದುರಗವ್ವನಿಗೆ ಹರಕೆ ಹೊತ್ತಳು: ಮಗ ಉಳಿದರೆ ಅವನ ಮೈಮೇಲೆ ನಿನ್ನ ಹೆಸರು ಬರೆಸುತ್ತೇನೆ ಎಂದು. ನಾನು ಉಳಿದೆ. ಮುಂದಿನ ಜಾತ್ರೆಯಲ್ಲಿ ಹಚ್ಚೆ ಹಾಕುವ ಹೆಣ್ಣುಮಗಳ ಮುಂದೆ ನನ್ನನ್ನು ಕೂರಿಸಿದಳು. ದೀಪದ ಮಸಿ, ಮೂರು ಸೂಜಿ ಸೇರಿಸಿ ಕಟ್ಟಿದ ಒಂದು ಕಡ್ಡಿ. ಬಲ ಮುಂಗೈಮೇಲೆ ನಾಲ್ಕು ಅಕ್ಷರ ಮೂಡಿದವು: ದು, ರ, ಗ, ವ್ವ.

ಅವ್ವನಿಗೆ ಓದು ಬರುವುದಿಲ್ಲ. ತಾನು ಬರೆಸಿದ್ದನ್ನು ತಾನೇ ಓದಲಾರಳು. ಅದನ್ನು ಓದಿದವರೆಲ್ಲ ಬೇರೆಯವರು.

*ಬಾಡಿಗೆ ಮನೆ*

ನಾನು ದೀಕ್ಷೆ ತೆಗೆದುಕೊಂಡು 22 ಪ್ರತಿಜ್ಞೆ ಸ್ವೀಕರಿಸಿದ್ದು 2019ರಲ್ಲಿ. ಅಂದಿನಿಂದ ಮೂರು ವರ್ಷ ಹಚ್ಚೆ ಅಲ್ಲೇ ಇತ್ತು. ಅದು ನನ್ನನ್ನು ಕಾಡಲಿಲ್ಲ, ನನ್ನ ವಂದನೆಗೆ ಅಡ್ಡ ಬರಲಿಲ್ಲ.

ಆಮೇಲೆ ಕೆಲಸ ಕುಷ್ಟಗಿಗೆ ಬದಲಾಯಿತು. ಮನೆ ಹುಡುಕಲು ಹೋದೆ. ಒಂದು ಮನೆ ಹಿಡಿಸಿತು, ಅಡ್ವಾನ್ಸ್ ಮಾತೂ ಮುಗಿಯಿತು. ಮನೆಯವರು ಚಹಾ ತಂದು ಕೊಟ್ಟರು. ಕಪ್ಪು ತೆಗೆದುಕೊಳ್ಳಲು ಕೈ ಚಾಚಿದಾಗ ಅರ್ಧ ತೋಳಿನ ಅಂಗಿಯ ಕೆಳಗೆ ಆ ನಾಲ್ಕು ಅಕ್ಷರ ಮಾಲೀಕರ ಕಣ್ಣಿಗೆ ಬಿದ್ದವು. ದುರಗವ್ವನನ್ನು ಬೇರೆ ಜಾತಿಯವರೂ ನಂಬುತ್ತಾರೆ. ಆದರೆ ಅನುಮಾನ ಪಡುವವರಿಗೆ ಅಷ್ಟು ಸಾಕು.

"ತಾವು ಯಾವ ಪೈಕಿ ಆದ್ರಿ?" ಎಂದರು.

ನಾನು ಉತ್ತರ ಕೊಡಲಿಲ್ಲ. ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ. ಮರುದಿನ ಫೋನ್ ಬಂತು: "ನಮ್ಮ ಸಂಬಂಧಿಕರಿಗೇ ಬೇಕಾಗೈತ್ರಿ, ತಪ್ಪು ತಿಳಿಬ್ಯಾಡ್ರಿ."

ಅಂದಿನಿಂದ ಕುಷ್ಟಗಿಯ ಏಪ್ರಿಲ್ ಬಿಸಿಲಲ್ಲೂ ತುಂಬು ತೋಳಿನ ಅಂಗಿ ಹಾಕತೊಡಗಿದೆ. ಮನೆ ತೋಳು ಮುಚ್ಚಿಕೊಂಡೇ ಸಿಕ್ಕಿತು. ಕೆಲವು ತಿಂಗಳ ಮೇಲೆ ಕೂಟದಲ್ಲಿ ಎದ್ದುನಿಂತು ಹೇಳಿದೆ: "ನಾನು ಪ್ರತಿಜ್ಞೆ ತೆಗೆದುಕೊಂಡವನು. ಮೈಮೇಲೆ ದೇವರ ಹೆಸರು ಇರಕೂಡದು. ಲೇಸರ್‌ನಿಂದ ತೆಗೆಸುತ್ತೇನೆ." ಎಲ್ಲರೂ ಸಾಧು ಸಾಧು ಎಂದರು. ನನಗೂ ಹೆಮ್ಮೆಯಾಯಿತು. ಬಾಡಿಗೆ ಮನೆಯ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

*ಲೇಸರ್ ಕೋಣೆ*

ಡಾಕ್ಟರು ಕೈಯನ್ನು ದೀಪಕ್ಕೆ ಹಿಡಿದು ನೋಡಿದರು. ಜಾತ್ರೆಯಲ್ಲಿ ಹಾಕಿದ ಮಸಿಯ ಹಚ್ಚೆಗೆ ಅಂಗಡಿಯ ಬಣ್ಣಬಣ್ಣದ ಟ್ಯಾಟೂಗಿಂತ ಸಾಮಾನ್ಯವಾಗಿ ಕಡಿಮೆ ಸಲ ಸಾಕಾಗುತ್ತದೆ, ಆದರೆ ಒಂದೇ ದಿನದಲ್ಲಿ ಹೋಗುವುದಿಲ್ಲ, ಒಂದು ಸಲಕ್ಕೂ ಮತ್ತೊಂದಕ್ಕೂ ಆರರಿಂದ ಎಂಟು ವಾರ ಬಿಡಬೇಕು ಎಂದರು. ಕಪ್ಪು ಚರ್ಮಕ್ಕೆ ಹುಷಾರಾಗಿ ಮಾಡಬೇಕು, ಏಕೆಂದರೆ ನಮ್ಮ ಚರ್ಮದ ಸಹಜ ಬಣ್ಣವೂ ಆ ಬೆಳಕನ್ನು ಹೀರಿಕೊಳ್ಳುತ್ತದೆ. ತಪ್ಪಿದರೆ ಆ ಜಾಗ ಬಿಳಿಚಿಕೊಳ್ಳಬಹುದು ಇಲ್ಲವೇ ಇನ್ನೂ ಕಪ್ಪಾಗಬಹುದು ಎಂದೂ ಹೇಳಿದರು. ಅದಕ್ಕಾಗಿ 1064 ನ್ಯಾನೋಮೀಟರ್ ಬೆಳಕಿನ ಎನ್‌ಡಿ ಯಾಗ್ ಲೇಸರ್ ಬಳಸುತ್ತಾರೆ. ಅದು ಚರ್ಮದ ಬಣ್ಣವನ್ನು ಹೆಚ್ಚು ತಾಗದೆ ಆಳದಲ್ಲಿರುವ ಮಸಿಯನ್ನು ಮುಟ್ಟುತ್ತದೆ. ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ ನೋಡಿ, ಕೆಲವು ವಾರ ಬಿಟ್ಟು ಬರಹೇಳಿದರು.

ಎರಡನೇ ಸಲ ಹೋದಾಗ ಜೋಮು ಹಿಡಿಸುವ ಮುಲಾಮು ಹಚ್ಚಿ ಮುಕ್ಕಾಲು ಗಂಟೆ ಕೂರಿಸಿದರು. ಆಮೇಲೆ ಕನ್ನಡಕ. ಯಂತ್ರ ಟಿಕ್ ಟಿಕ್ ಎಂದಾಗಲೆಲ್ಲ ಒಗ್ಗರಣೆಯ ಎಣ್ಣೆ ಸಿಡಿದಂತೆ ಉರಿ. ಕೂದಲು ಸುಟ್ಟ ವಾಸನೆ. ಬೆಳಕು ಬಿದ್ದಲ್ಲೆಲ್ಲ ಅಕ್ಷರಗಳು ಸುಣ್ಣ ಬಳಿದಂತೆ ಬೆಳ್ಳಗಾದವು. ಹೋಯಿತೇ ಎಂದು ಕೇಳಿದೆ. "ಇಲ್ರಿ, ಅದು ಬರೇ ಗಾಳಿಗುಳ್ಳೆ, ಸ್ವಲ್ಪ ಹೊತ್ತಿನಾಗ ಮತ್ತ ಕಪ್ಪು ಕಾಣ್ತೈತಿ. ಲೇಸರ್ ಮಸಿ ಒಡಿತದ ಅಷ್ಟ. ಅದನ್ನ ಹೊರಗ ಸಾಗಿಸೋದು ನಿಮ್ಮ ಮೈ" ಎಂದರು.

ಈ ಮಾತು ನನಗೆ ಹೊಸದು. ಮನೆಗೆ ಬಂದು ಓದಿದೆ. ಮಸಿ ಚರ್ಮದೊಳಗೆ ಸುಮ್ಮನೆ ಕೂತಿರುವುದಿಲ್ಲ. ಹೊರಗಿನಿಂದ ಬಂದದ್ದನ್ನು ನುಂಗುವ ಕಾವಲು ಜೀವಕೋಶಗಳು ಅದನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. 2018ರಲ್ಲಿ ಫ್ರಾನ್ಸಿನ ಮಾರ್ಸೇಲ್ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ಒಂದು ವಿಷಯ ತೋರಿಸಿದರು: ಆ ಜೀವಕೋಶ ಸತ್ತಾಗ ಮಸಿ ಹೊರಬೀಳುತ್ತದೆ, ಹೊಸದಾಗಿ ಬಂದ ಜೀವಕೋಶ ಅದನ್ನೇ ಮತ್ತೆ ನುಂಗುತ್ತದೆ. ಹಿಡಿದವನು ಸಾಯುತ್ತಾನೆ, ಹಿಡಿದದ್ದು ಕೈಯಿಂದ ಕೈಗೆ ದಾಟುತ್ತದೆ. ಹೊರಗೆ ನೋಡುವವರಿಗೆ ಮಾತ್ರ ಹಚ್ಚೆ ಎಂದೂ ಅಳಿಯದ ಒಂದೇ ಗುರುತಿನಂತೆ ಕಾಣುತ್ತದೆ. ಲೇಸರ್ ಆ ಮಸಿಯನ್ನು ಸಣ್ಣ ಸಣ್ಣ ಚೂರು ಮಾಡಿದಾಗ ಮೈ ಅದನ್ನು ಅಷ್ಟಿಷ್ಟಾಗಿ ಸಾಗಹಾಕುತ್ತದೆ.

ಬಂಧುಗಳೇ, ಜಾತಿ ಬದುಕಿರುವುದೂ ಹೀಗೆಯೇ ಅಲ್ಲವೇ? ಅದಕ್ಕೆ ಆತ್ಮವಿಲ್ಲ, ಶಾಶ್ವತವಾದ ತಿರುಳಿಲ್ಲ. ಅಜ್ಜ ಸಾಯುತ್ತಾನೆ, ಮೊಮ್ಮಗ ಅದನ್ನು ನುಂಗಿಕೊಳ್ಳುತ್ತಾನೆ. ಜಾತಿಯ ನೆಲೆ ಮನಸ್ಸಿನಲ್ಲಿದೆ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದ್ದು ಇದಕ್ಕೇ. ಮನೆ ಮಾಲೀಕರ ಮನಸ್ಸಿನಲ್ಲಿ ಅದು ಅಹಂಕಾರವಾಗಿ ಕೂತಿತ್ತು. ನನ್ನ ಮನಸ್ಸಿನಲ್ಲಿ ನಾಚಿಕೆಯಾಗಿ ಕೂತಿತ್ತು.

*ಉರಿಯಲ್ಲಿ ಕಂಡದ್ದು*

ಈ ನಾಚಿಕೆ ನನಗೆ ಕಂಡದ್ದು ಆ ಮೇಜಿನ ಮೇಲೆಯೇ. ಉರಿ ತಡೆಯಲು ಕೂಟದಲ್ಲಿ ಕಲಿತಂತೆ ಉಸಿರನ್ನು ಗಮನಿಸತೊಡಗಿದೆ. ಬರುವ ವೇದನೆಯನ್ನು ಬಂದಂತೆ, ಹೋಗುವುದನ್ನು ಹೋದಂತೆ ನೋಡಿದೆ. ಆಗ ಮನಸ್ಸಿಗೆ ಬಂದದ್ದು 22 ಪ್ರತಿಜ್ಞೆಗಳಲ್ಲ, ದೀಕ್ಷಾಭೂಮಿಯೂ ಅಲ್ಲ. ಆ ಮಾಲೀಕರ ಮುಖ, ಮುಟ್ಟದೆ ಉಳಿದ ಚಹಾ ಕಪ್ಪು. ಪ್ರತಿ ಟಿಕ್‌ಗೂ ಮನಸ್ಸು ಒಂದೇ ಮಾತು ಹೇಳುತ್ತಿತ್ತು: ಇನ್ನು ಯಾರಿಗೂ ಗೊತ್ತಾಗುವುದಿಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಆಗಲೂ ನಾನು ಅದನ್ನು ಒಪ್ಪಿಕೊಳ್ಳಲಿಲ್ಲ. ರೈಲಿನಲ್ಲಿ ಕೊಪ್ಪಳಕ್ಕೆ ಬಂದು, ಬಸ್ಸು ಹಿಡಿದು ಊರಿಗೆ ಹೋದೆ. ಅವ್ವ ಕೈಯ ಪಟ್ಟಿ ನೋಡಿ ಗಾಬರಿಯಾದಳು.

"ಯಪ್ಪಾ, ಕೈಗೆ ಏನಾತೋ?"

"ಹಚ್ಚಿ ತಗಸಾಕತ್ತೀನಿ ಅವ್ವ. ನಾವು ಬೌದ್ಧರಾಗೀವಿ. ದೇವರ ಹೆಸರು ಇರಬಾರದು."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳ ಎರಡೂ ಮುಂಗೈ ತುಂಬ ಹಚ್ಚೆ. ಆಮೇಲೆ ಹೇಳಿದಳು:

"ನಿನ್ನ ಜೀವ ಉಳೀಲಿ ಅಂತ ಹಾಕಸಿದ್ದೆ. ಜೀವ ಉಳದೈತಿ, ಇನ್ನ ಹಚ್ಚಿ ಇದ್ದರೇನು ಹೋದರೇನು. ನಿನ್ನ ಬುದ್ಧನ ಸಲುವಾಗಿ ತಗಸಿದ್ರ ತಗಸು. ಆದ್ರ ಒಂದ ಮಾತು ಕೇಳ್ತೀನಿ. ಬುದ್ಧ ಬಂದ ಮ್ಯಾಲ ಮೂರು ವರ್ಷ ಅರ್ಧ ತೋಳಿನ ಅಂಗಿ ಹಾಕ್ಕೊಂಡಿದ್ದಿ. ಕುಷ್ಟಗಿಗೆ ಹೋದ ಮ್ಯಾಲ ಯಾಕ ಕೈ ಮುಚ್ಚಿದಿ?"

ನನಗೆ ಮಾತು ಹೊರಡಲಿಲ್ಲ. ಓದು ಬಾರದ ಅವ್ವ ನನ್ನನ್ನು ಪೂರ್ತಿ ಓದಿಬಿಟ್ಟಿದ್ದಳು. ಅಂದು ರಾತ್ರಿ ಅವಳಿಗೆ ಮನೆಯ ಕಥೆ ಹೇಳಿದೆ. ಅವಳು ಬೇರೇನೂ ಹೇಳಲಿಲ್ಲ, ಪಟ್ಟಿ ಬಿಚ್ಚಿ ಡಾಕ್ಟರು ಕೊಟ್ಟ ಮುಲಾಮು ಸವರಿದಳು.

*ಮುಚ್ಚಿಡುವುದು ಪಾಪವೇ?*

ಅಲ್ಲ. ಇದನ್ನು ಸ್ಪಷ್ಟವಾಗಿ ತಿಳಿಯಬೇಕು. ನಮ್ಮ ಜಿಲ್ಲೆಯಲ್ಲಿ ಹೆದರಿಕೆಗೆ ಕಾರಣವಿದೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ನಮ್ಮ ಜನರ ಮನೆಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ನ್ಯಾಯಾಲಯ ಶಿಕ್ಷೆ ಕೊಡಲು 2024ರ ಅಕ್ಟೋಬರ್ ಬರಬೇಕಾಯಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ಮಗು ಗುಡಿಯೊಳಗೆ ಓಡಿತೆಂದು ತಂದೆತಾಯಿಗೆ ದಂಡ ಹಾಕಿದರು.

ಬಾಬಾಸಾಹೇಬರೂ ಒಮ್ಮೆ ಗುರುತು ಮುಚ್ಚಿಡಬೇಕಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು 1917ರಲ್ಲಿ ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಇರಲು ಜಾಗ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪು ಬಂದು ಅವರನ್ನು ಹೊರಹಾಕಿತು. ಮುಂದೆ ಅವರು ಈ ಘಟನೆಯನ್ನು, ತಾವು ಬೇರೆ ಹೆಸರು ಹೇಳಿಕೊಂಡದ್ದನ್ನೂ ಸೇರಿಸಿ, ತಮ್ಮ ಕೈಯಾರೆ ಬರೆದಿಟ್ಟರು. ಅದಕ್ಕೆ ಇನ್ನೊಂದು ಅಂದದ ಹೆಸರು ಕೊಡಲಿಲ್ಲ.

ನನ್ನ ತಪ್ಪು ಇದ್ದದ್ದು ಇಲ್ಲಿ. ಹೆದರಿ ಕೈ ಮುಚ್ಚಿದ್ದು ತಪ್ಪಲ್ಲ. ಹೆದರಿಕೆಗೆ ಧಮ್ಮ ಎಂದು ಹೆಸರಿಟ್ಟು ಕೂಟದ ಮುಂದೆ ಸಾಧು ಸಾಧು ಅನ್ನಿಸಿಕೊಂಡದ್ದು ತಪ್ಪು. ಪಂಚಶೀಲದ ನಾಲ್ಕನೆಯ ಶೀಲ ಸುಳ್ಳು ಹೇಳದಿರುವುದು. ಮೊದಲು ಆ ಸುಳ್ಳನ್ನು ನಾನು ಹೇಳಿದ್ದು ನನಗೇ.

ಮುಂದಿನ ಭಾನುವಾರ ಕೂಟದಲ್ಲಿ ಎಲ್ಲವನ್ನೂ ಹೇಳಿದೆ. ಯಾರೂ ನಗಲಿಲ್ಲ. ಇನ್ನಿಬ್ಬರು ತಮ್ಮ ಬಾಡಿಗೆ ಮನೆಯ ಕಥೆ ಹೇಳಿದರು. ಲೇಸರ್ ಬಿಟ್ಟೆನೇ ಎಂದು ಕೇಳುತ್ತೀರಿ. ಬಿಡಲಿಲ್ಲ. ಈಗ ನಾನು ನಿಜವಾಗಿ ಪ್ರತಿಜ್ಞೆಗಾಗಿ ತೆಗೆಸುತ್ತಿದ್ದೆ. ಆದರೆ ಅರ್ಧ ತೋಳಿನ ಅಂಗಿ ಮತ್ತೆ ಹಾಕಿಕೊಂಡೆ. ಬಿಸಿಲು ತಾಗಬಾರದೆಂದು ಡಾಕ್ಟರು ಹೇಳಿದ್ದಷ್ಟು ಜಾಗಕ್ಕೆ ಬಟ್ಟೆ ಸುತ್ತುತ್ತಿದ್ದೆ, ನೆರಳಿಗೆ ಬಂದಾಗ ಬಿಚ್ಚುತ್ತಿದ್ದೆ. ಅಕ್ಷರಗಳು ಅರ್ಧ ಮಾಸಿದ್ದಾಗಲೇ ಇನ್ನೊಂದು ಮನೆ ನೋಡಲು ಹೋದೆ. ಅಲ್ಲೂ ಅದೇ ಪ್ರಶ್ನೆ ಬಂತು. "ಹುಟ್ಟಿದ್ದು ಕೇರಿಯಾಗ್ರಿ. ಈಗ ಬೌದ್ಧ" ಎಂದೆ. ಆ ಮನೆ ಸಿಗಲಿಲ್ಲ. ಆದರೆ ಅಂದು ರಾತ್ರಿ ನಿದ್ದೆ ಬಂತು. ಆಮೇಲೆ ನೋಡಿದ ಮನೆಯವರು ಬಾಡಿಗೆ ಎಷ್ಟು, ಎಷ್ಟು ಜನ ಇರುತ್ತೀರಿ ಎಂದಷ್ಟೇ ಕೇಳಿದರು. ಈಗ ಅಲ್ಲೇ ಇದ್ದೇನೆ.

*ಬಂಡೆಯ ಮೇಲಿನ ಅಕ್ಷರ*

ಕೊನೆಯ ಸಲದ ಲೇಸರ್ ಆದ ಮೇಲೆ ಬಂದ ಹುಣ್ಣಿಮೆಗೆ ಕೂಟದವರೆಲ್ಲ ಕೊಪ್ಪಳಕ್ಕೆ ಹೋದೆವು. ಅಲ್ಲಿ ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನಲ್ಲೂ ಸಾಮ್ರಾಟ ಅಶೋಕರ ಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಎರಡು ಸಾವಿರ ವರ್ಷಕ್ಕೂ ಹೆಚ್ಚು ಹಳೆಯವು. ಅವುಗಳ ತಾತ್ಪರ್ಯ ಇದು: ಈ ದಾರಿಯ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನ ಮಾಡುವ ಸಣ್ಣವರಿಗೂ ದೊರೆಯುತ್ತದೆ. ಹುಟ್ಟಿನ ಮಾತೇ ಅಲ್ಲಿಲ್ಲ, ಪ್ರಯತ್ನದ ಮಾತಿದೆ. ನನ್ನ ಕೈಮೇಲೆ ಆಗ ಮಾಸಲು ನೆರಳಷ್ಟೇ ಉಳಿದಿತ್ತು. ಅವ್ವನೂ ನಮ್ಮ ಜೊತೆ ಬಂದಿದ್ದಳು. ಹಚ್ಚೆ ತುಂಬಿದ ಕೈಯಲ್ಲಿ ಬಂಡೆ ಮುಟ್ಟಿ, "ಇದರಾಗ ಏನ ಬರದೈತಿ, ಓದಿ ಹೇಳೋ" ಎಂದಳು. ಹೇಳಿದೆ.

*ಹಚ್ಚೆ ತೆಗೆಸಬೇಕೆನ್ನುವವರಿಗೆ*

ಚರ್ಮರೋಗ ತಜ್ಞರ ಬಳಿಯೇ ಹೋಗಿ. ಸುಣ್ಣ, ಆಸಿಡ್, ಬಿಸಿ ಕಬ್ಬಿಣ, ಅಂಗಡಿಯ ಕ್ರೀಮು ಬೇಡವೇ ಬೇಡ. ಹಚ್ಚೆ ಹೋಗಿ ಗಾಯದ ಕಲೆ ಉಳಿಯುತ್ತದೆ. ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿಸಿ. ಲೇಸರ್ ಹೊಡೆಯುವಾಗ ಕನ್ನಡಕ ತೆಗೆಯಬೇಡಿ. ಬೊಬ್ಬೆ ಬಂದರೆ ಒಡೆಯಬೇಡಿ, ಬಿಸಿಲಿಗೆ ಒಡ್ಡಬೇಡಿ. ಪೂರ್ತಿ ಅಳಿಯದೆಯೂ ಇರಬಹುದು. ತೆಗೆಸದೆ ಇಟ್ಟುಕೊಂಡವರು ಕಡಿಮೆ ಬೌದ್ಧರೇನಲ್ಲ. ನಮ್ಮ ತಾಯಂದಿರ ಕೈಗಳನ್ನು ನೆನಪಿಡಿ.

*ಇಂದಿನ ಅಭ್ಯಾಸ*

ಐದು ನಿಮಿಷ ಉಸಿರು ಗಮನಿಸಿ ಕುಳಿತು, ಈ ಮೂರನ್ನು ನಿಮ್ಮನ್ನೇ ಕೇಳಿಕೊಳ್ಳಿ:

1. ಈಚೆಗೆ ಧಮ್ಮಕ್ಕಾಗಿ ಎಂದು ನಾನು ಮಾಡಿದ ಯಾವ ಕೆಲಸದ ಹಿಂದೆ ಹೆದರಿಕೆ ಅಥವಾ ನಾಚಿಕೆ ಇತ್ತು?
2. ಅದನ್ನು ಅದರ ನಿಜವಾದ ಹೆಸರಿನಿಂದ ಕರೆಯಬಲ್ಲೆನೇ?
3. ಯಾರ ಮುಂದೆ ಹೇಳಿಕೊಂಡರೆ ಆ ಭಾರ ಇಳಿದೀತು?

ಉತ್ತರ ಗುಂಪಿಗೆ ಹಾಕಬೇಕಾಗಿಲ್ಲ. ನಂಬುಗೆಯ ಒಬ್ಬರ ಮುಂದೆ ಹೇಳಿಕೊಂಡರೆ ಸಾಕು.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ಜೈ ಭೀಮ್. ನಮೋ ಬುದ್ಧಾಯ.